ನಾನು ಟ್ರಾಯ್ ಆಗಿದ್ದ ಮಧ್ಯಾಹ್ನ

2019ರ ಫೆಬ್ರವರಿ. ಬೆಂಗಳೂರಿನಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೆ. ಊಟ ಮುಗಿಸಿ ತೂಕಡಿಸುತ್ತಿದ್ದ ಕ್ಲಾಸಿಗೆ ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದು ಬಂದು, "ಇವತ್ತು ಪಾಠ ಇಲ್ಲ, ಆಟ" ಅಂದರು. ಎಕ್ಸೆಲ್ ಹಾಳೆಯಲ್ಲಿ ಒಂದು ಪುಟ್ಟ ಮೊಬೈಲ್ ಮಾರುಕಟ್ಟೆ. ಸಾವಿರ ಗ್ರಾಹಕರು, ಮೂರು ಕಂಪನಿ. 600 ಜನರಿದ್ದದ್ದು ಆನೆ, 300 ಇದ್ದದ್ದು ಎತ್ತು, 100 ಇದ್ದ ಹೊಸಬ ಅಳಿಲು. ಒಂದೊಂದು ಬೆಂಚು ಒಂದೊಂದು ಕಂಪನಿ. ಕೊನೆ ಬೆಂಚಿನಲ್ಲಿ ಒಬ್ಬನೇ ಇದ್ದ ನನ್ನನ್ನು ಟ್ರಾಯ್ ಮಾಡಿದರು, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಪ್ರಾಧಿಕಾರ.

ನನ್ನ ಕೈಯಲ್ಲಿದ್ದದ್ದು ಆ ಹಾಳೆಯ ಒಂದೇ ಸೆಲ್, ಐಯುಸಿ. ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದಕ್ಕೆ ಕರೆ ಹೋದರೆ, ಕಳಿಸಿದ ಕಂಪನಿ ಮುಟ್ಟಿಸಿದ ಕಂಪನಿಗೆ ಆಗ ಕೊಡಬೇಕಾಗಿದ್ದ ದುಡ್ಡು. ನಿಮಿಷಕ್ಕೆ 14 ಪೈಸೆಯಿಂದ ಶುರು ಮಾಡಿದೆವು. 2017ರ ಸೆಪ್ಟೆಂಬರ್‌ವರೆಗೆ ದೇಶದಲ್ಲಿದ್ದ ದರವೇ ಅದು.

ಅಳಿಲು ಮೊದಲ ಸುತ್ತಿನಲ್ಲೇ ಸಾಯುತ್ತೆ ಅಂದುಕೊಂಡಿದ್ದೆ. ಅದರ ಹತ್ತು ಕರೆಯಲ್ಲಿ ಒಂಬತ್ತು ಹೊರಗೇ ಹೋಗುತ್ತವಲ್ವಾ? ಹಾಗಾಗಲಿಲ್ಲ. ಎಲ್ಲರೂ ದಿನಕ್ಕೆ 10 ನಿಮಿಷ ಮಾತಾಡಿದರೆ ಅಳಿಲಿನಿಂದ ಹೊರಹೋಗುವುದು 900 ನಿಮಿಷ. ಉಳಿದ 900 ಜನ ತಲಾ ಒಂದು ನಿಮಿಷ ಅಳಿಲಿನ ಕಡೆಯವರಿಗೆ ಮಾಡುತ್ತಾರೆ. ಬರುವುದೂ 900. ಕೊಟ್ಟದ್ದಕ್ಕೂ ತಗೊಂಡದ್ದಕ್ಕೂ ಸಮ.

ಎರಡನೇ ಸುತ್ತಿನಲ್ಲಿ ಅಳಿಲು ಕರೆಗಳನ್ನು ಪುಕ್ಕಟೆ ಮಾಡಿತು, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಮಾಡಿದ ಹಾಗೆ. ಅದರ ಗ್ರಾಹಕರ ಮಾತು 30 ನಿಮಿಷಕ್ಕೆ ಏರಿತು. ಹೊರಗೆ 2700, ಒಳಗೆ ಅದೇ 900. ದಿನಕ್ಕೆ 252 ರೂಪಾಯಿ ಕೈಬಿಟ್ಟಿತು. ನಾನು ದರವನ್ನು 6 ಪೈಸೆಗೆ ಇಳಿಸಿದೆ. ನಿಜವಾದ ಟ್ರಾಯ್ ಕೂಡ ಅಷ್ಟಕ್ಕೇ ಇಳಿಸಿತ್ತು. ನಷ್ಟ 108ಕ್ಕೆ ಬಂತು. "ಟವರ್ ಹಾಕಿದ್ದು ನಾವು, ಮಾತಾಡೋದು ಅವರಾ?" ಅಂತ ಆನೆ ಬೆಂಚು ಮೇಜು ಕುಟ್ಟಿತು.

ಆಗ ಅಳಿಲಿನ ಬೆಂಚಿನ ಹಾಸನದ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಕರೆಯ ರಿಂಗ್ ಬೇಗ ಕಟ್ ಆಗೋ ಹಾಗೆ ಮಾಡಬಹುದಾ? ಮಿಸ್ಡ್ ಕಾಲ್ ನೋಡಿ ಅವರೇ ವಾಪಸ್ ಮಾಡ್ತಾರೆ." ಕ್ಲಾಸು ಗೊಳ್ಳೆಂದಿತು. ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮೇಷ್ಟ್ರು ಒಂದು ಕಾಲಂ ಸೇರಿಸಿದರು. ಮೂರರಲ್ಲೊಂದು ಕರೆ ತಿರುಗಿ ಬಂದರೆ ಹೊರಗೆ 1800, ಒಳಗೆ 1800. ನಷ್ಟ ಮಾಯ! ನನ್ನ ಸೆಲ್ ಮುಟ್ಟದೆಯೇ.

ರೇಗಿ ದರವನ್ನು ಸೊನ್ನೆ ಮಾಡಿದೆ. ಆನೆ ಸುಮ್ನಿರುತ್ತಾ? ತಿಂಗಳಿಗೆ 35 ರೂಪಾಯಿ ರೀಚಾರ್ಜ್ ಮಾಡಿಸದಿದ್ದರೆ ಇನ್‌ಕಮಿಂಗ್ ಬಂದ್ ಅಂದಿತು. ಸ್ವಂತ ಬುದ್ಧಿಯಲ್ಲ, 2018ರ ಕೊನೆಗೆ ದೊಡ್ಡ ಕಂಪನಿಗಳು ತಂದಿದ್ದನ್ನು ಕದ್ದದ್ದು. ಹಾಳೆಯಲ್ಲಿ ಒಬ್ಬ ಗ್ರಾಹಕನೂ ಕದಲಲಿಲ್ಲ.

ಸಂಜೆ ಊರಿಂದ ಅಮ್ಮನ ಮಿಸ್ಡ್ ಕಾಲ್. ತಿರುಗಿ ಮಾಡಿದೆ. "ಫೋನ್ ಬರ್ಲಿ ಅಂತ ಸುಮ್ನೆ ಇಟ್ಕೊಂಡಿದ್ದಕ್ಕೂ ತಿಂಗಳಾ ತಿಂಗಳಾ ದುಡ್ಡಂತೆ ಕಣೋ. ಲೈಫ್‌ಟೈಮ್ ಅಂದಿದ್ರಲ್ಲ?" ಅಮ್ಮನಂಥವರು ನಮ್ಮ ಸಾವಿರದಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಅಚ್ಚುಕಟ್ಟಾಗಿ ದಿನಕ್ಕೆ 10 ನಿಮಿಷ ಮಾತಾಡುವವರೇ.

ಮುಂದಿನ ವಾರ ಹೇಳಿದೆ. ಮೇಷ್ಟ್ರು ಇನ್ನೂರು ಜನರನ್ನು ಬರೀ ಇನ್‌ಕಮಿಂಗ್‌ನವರನ್ನಾಗಿ ಮಾಡಿದರು. ಐಯುಸಿ 14 ಪೈಸೆ ಇದ್ದಾಗ ಅವರನ್ನು ಕಳೆದುಕೊಳ್ಳಲು ಯಾವ ಬೆಂಚೂ ಒಪ್ಪಲಿಲ್ಲ. ಕಾಸು ಖರ್ಚು ಮಾಡದಿದ್ದರೂ, ಬೇರೆ ಕಂಪನಿಯಿಂದ ಅವರಿಗೆ ಬರುವ ಪ್ರತಿ ನಿಮಿಷವೂ ದುಡ್ಡು ತರುತ್ತಿತ್ತು. ಸೊನ್ನೆಗೆ ಇಳಿಸಿದೊಡನೆ ಅವರು ಯಾರಿಗೂ ಬೇಡವಾದರು. ಅಮ್ಮನ ಸಿಮ್ಮಿನ ಖರ್ಚನ್ನು ಇಷ್ಟು ದಿನ ತೂಗಿಸುತ್ತಿದ್ದದ್ದು ನಾನು ಹೆಮ್ಮೆಯಿಂದ ಕತ್ತರಿಸಿದ ಆ ಪೈಸೆಗಳೇ!

ಅದೇ ವರ್ಷ ಕಂಪನಿಗಳು ನಿಜಕ್ಕೂ ರಿಂಗ್ ಸಮಯ ಕಡಿಮೆ ಮಾಡಿ ಜಗಳವಾಡಿದವು. ನವೆಂಬರ್‌ನಲ್ಲಿ ಟ್ರಾಯ್, ಮೊಬೈಲ್‌ಗೆ 30 ಸೆಕೆಂಡ್, ಲ್ಯಾಂಡ್‌ಲೈನ್‌ಗೆ 60 ಸೆಕೆಂಡ್ ಅಂತ ಕಟ್ಟುಮಾಡಿತು. ಸುದ್ದಿ ನೋಡಿ ಹಾಸನದ ಹುಡುಗಿ ಮೆಸೇಜ್ ಕಳಿಸಿದಳು: "ಐಡಿಯಾ ನಂದು ಕಣೋ, ರಾಯಲ್ಟಿ ಕೇಳ್ಲಾ?"

ಉತ್ತರ ಬರೆಯಲಿಲ್ಲ. ಒಂದು ಮಿಸ್ಡ್ ಕಾಲ್ ಕೊಟ್ಟೆ.