ಅಷ್ಟೊಂದು ಪ್ರೀತಿ ಇದ್ದರೆ ಮನೆಗೇ ಕರೆದುಕೊಂಡು ಹೋಗಬಾರದೇ?

ಇಲ್ಲ, ಕರೆದುಕೊಂಡು ಹೋಗಲಾಗುವುದಿಲ್ಲ. ಉತ್ತರ ಇಷ್ಟೇ. ಕೆಲಸವಿದ್ದವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ಇನ್ನೂ ಕೂತಿರುವವರಿಗೆ ಹೇಳುತ್ತೇನೆ. ಮಲ್ಲೇಶ್ವರದ ಹಳೆಯ ಮನೆಗಳ ಹಿಂಬದಿಯ ಓಣಿಯೊಂದರಲ್ಲಿ ನಾನು ಬೆಳಗ್ಗೆ, ಸಂಜೆ ಬೆಕ್ಕುಗಳಿಗೆ ಊಟ ಹಾಕುತ್ತೇನೆ. ಚೀಲ ಹಿಡಿದು ಹೊರಟೆನೆಂದರೆ ಈ ಪ್ರಶ್ನೆ ಎಲ್ಲಿಂದಾದರೂ ಬಂದೇ ಬರುತ್ತದೆ. ವಾಕಿಂಗ್ ಹೊರಟವರು ಕೇಳುತ್ತಾರೆ. ಬೂತಿನ ಮುಂದೆ ನಂದಿನಿ ಪ್ಯಾಕೆಟ್ ಹಿಡಿದು ನಿಂತವರು ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರು, ಪಾಯಸ ಬರುವುದು ತಡವಾಯಿತೆಂದು, ಹೊತ್ತು ಹೋಗಲು ಕೇಳುತ್ತಾರೆ. ಯಾರಿಗೂ ಉತ್ತರ ಬೇಕಿರುವುದಿಲ್ಲ. ಕೇಳಿಯಾದ ಮೇಲೆ ಸಣ್ಣದೊಂದು ನಗು, ಪಕ್ಕದವರ ಕಡೆಗೊಂದು ನೋಟ. ಇಷ್ಟು ಸುಲಭದ ಉಪಾಯ ಇವಳ ತಲೆಗೆ ಹೊಳೆದೇ ಇರಲಿಲ್ಲವಲ್ಲ ಎಂಬ ಸಂತೋಷ.

ಮೊದಲು ಆ ಪ್ರೀತಿಯ ವಿಷಯ. ನನಗೆ ಬೆಕ್ಕೆಂದರೆ ಪ್ರೀತಿ ಎಂದು ನಿಮಗೆ ಹೇಳಿದವರು ಯಾರು? ನಿಜ ಹೇಳಬೇಕೆಂದರೆ ನನಗೆ ನಾಯಿ ಇಷ್ಟ. ಬೆಕ್ಕಿನ ಚಿತ್ರವಿರುವ ಲೋಟ, ದಿಂಬು ಯಾವುದೂ ನನ್ನ ಮನೆಯಲ್ಲಿಲ್ಲ. ದಯವಿಟ್ಟು ಹುಟ್ಟುಹಬ್ಬಕ್ಕೆ ತರುವುದನ್ನೂ ನಿಲ್ಲಿಸಿ. ಮಳೆಗಾಲದಲ್ಲಿ ಮೋರಿಯ ಪಕ್ಕ ಕಣ್ಣು ಕೀವುಗಟ್ಟಿ ಸತ್ತುಬಿದ್ದ ಮರಿಗಳನ್ನು ಹೂತು ಹೂತು ರೇಗಿಹೋಗಿ ಶುರುಮಾಡಿದ ಕೆಲಸ ಇದು. ಆ ರೇಗು ಇನ್ನೂ ಇಳಿದಿಲ್ಲ. ಅದನ್ನು ನೋಡಿ ನೀವು ಪ್ರೀತಿ ಎಂದುಕೊಂಡರೆ ನಾನೇನು ಮಾಡಲಿ?

ಇನ್ನು ಮನೆಗೆ ಕರೆದೊಯ್ಯುವುದು. ಬೆಕ್ಕಿನ ಮರಿ ಮನುಷ್ಯರಿಗೆ ಒಗ್ಗುವುದಕ್ಕೆ ಒಂದು ವಯಸ್ಸಿದೆ: ಹುಟ್ಟಿದ ಎರಡನೇ ವಾರದಿಂದ ಹೆಚ್ಚುಕಡಿಮೆ ಏಳನೇ ವಾರದವರೆಗೆ. ಆಗ ಯಾರಾದರೂ ಎತ್ತಿ ಆಡಿಸಿದ್ದರೆ ಅದು ಮಡಿಲಿನ ಬೆಕ್ಕಾಗುತ್ತದೆ. ಯಾರ ಕೈಯೂ ಸೋಂಕದೆ ಆ ದಿನಗಳು ಕಳೆದುಹೋದರೆ, ಬೆಳೆದ ಮೇಲೆ ಅದರ ಲೆಕ್ಕದಲ್ಲಿ ನೀವೊಂದು ದೊಡ್ಡ ಪ್ರಾಣಿ, ಅಷ್ಟೇ. ಅಪವಾದಗಳಿವೆ. ಯಾರೋ ಸಾಕಿ ಬಿಟ್ಟುಹೋದ ಬೆಕ್ಕಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಂಥದ್ದಕ್ಕೆ ನಾನೂ ಮನೆ ಹುಡುಕುತ್ತೇನೆ. ಸಣ್ಣ ಮರಿ ಸಿಕ್ಕರೂ ಹಾಗೆಯೇ. ಆದರೆ ಓಣಿಯ ಬಹುಪಾಲು ಬೆಕ್ಕುಗಳು ಗೋಡೆಯ ಮೇಲೆ ಹುಟ್ಟಿ ಗೋಡೆಯ ಮೇಲೆ ಬೆಳೆದವು. ದಿನವೂ ಊಟ ಹಾಕುವ ನನಗೇ ಅವು ಒಂದು ಮಾರು ದೂರ ಕಾಯ್ದುಕೊಳ್ಳುತ್ತವೆ.

ಇದನ್ನು ನಂಬದವರೊಬ್ಬರಿದ್ದರು. ಹಿಂದಿನ ಮನೆಯ ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ‘ಅಷ್ಟೊಂದು ಪ್ರೀತಿ ಇದ್ದರೆ ಮನೆಗೇ ಕರೆದುಕೊಂಡು ಹೋಗಬಾರದೇನಮ್ಮ?’ ಎಂದು ಅವರೂ ಕೇಳುತ್ತಿದ್ದರು. ಉಳಿದವರಿಗೂ ಅವರಿಗೂ ವ್ಯತ್ಯಾಸವೆಂದರೆ ಅವರು ಬರೀ ಕೇಳಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಲು ಹೊರಟರು. ಒಂದು ಸಂಜೆ ಹಾಲಿನ ಬಟ್ಟಲಿಟ್ಟು, ಬೂದಿ ಬಣ್ಣದ ಹೆಣ್ಣು ಬೆಕ್ಕೊಂದನ್ನು ಅಡುಗೆಮನೆಯೊಳಕ್ಕೆ ಬರಿಸಿಕೊಂಡು ಬಾಗಿಲು ಹಾಕಿಬಿಟ್ಟರು.

ರಾತ್ರಿ ಊಟದ ಹೊತ್ತಿಗೆ ಅವರ ಮನೆಯಾಕೆಯ ಫೋನು. ‘ನಿನ್ನ ಬೆಕ್ಕನ್ನು ಇಳಿಸಿಕೊಂಡು ಹೋಗಮ್ಮ, ನಿನಗೆ ಪುಣ್ಯ ಬರುತ್ತದೆ.’ ಬೆಳಗ್ಗೆವರೆಗೆ ಓಣಿಯ ಬೆಕ್ಕಾಗಿದ್ದು, ಸಂಜೆಗೆ ಮೇಷ್ಟ್ರ ಬೆಕ್ಕಾಗಿ, ರಾತ್ರಿಯಾಗುತ್ತಲೇ ನನ್ನ ಬೆಕ್ಕಾಗಿತ್ತು.

ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಬೋರಲಾಗಿ ಬಿದ್ದು ಸಾಸಿವೆ ನೆಲದ ತುಂಬ ಚೆಲ್ಲಾಡಿತ್ತು. ಬೆಕ್ಕು ಅಟ್ಟ ಸೇರಿತ್ತು. ಅಟ್ಟದಲ್ಲಿ ದಸರಾ ಗೊಂಬೆಗಳ ಪೆಟ್ಟಿಗೆಗಳು, ಒಂದೊಂದೂ ಹಳೆಯ ಪಂಚೆಯಲ್ಲಿ ಕಟ್ಟಿಟ್ಟವು. ಎರಡು ಪೆಟ್ಟಿಗೆಗಳ ಸಂದಿನಲ್ಲಿ ಅದು ತನ್ನನ್ನು ತುರುಕಿಕೊಂಡಿತ್ತು. ಟಾರ್ಚ್ ಬಿಟ್ಟಾಗ ಕಂಡದ್ದು ತಲೆಗೆ ಅಂಟಿದಂತೆ ಮಡಚಿಕೊಂಡ ಕಿವಿ, ಕಪ್ಪು ಪಾಪೆಯೇ ತುಂಬಿಹೋಗಿದ್ದ ಕಣ್ಣು. ಗುರುಗುಟ್ಟಲೂ ಇಲ್ಲ. ಉಸಿರಾಟಕ್ಕೆ ಪಕ್ಕೆ ಮಾತ್ರ ದಡದಡ ಏರಿಳಿಯುತ್ತಿತ್ತು. ಪಟ್ಟದ ಗೊಂಬೆಗಳ ಪೆಟ್ಟಿಗೆಯಿಂದ ಒಂದು ಎಳೆ ಮೂತ್ರ ಗೋಡೆಗುಂಟ ಇಳಿದು, ಮೇಷ್ಟ್ರು ತಿಂಗಳ ಹಿಂದಷ್ಟೇ ಹೊಡೆಸಿದ್ದ ಸುಣ್ಣದ ಮೇಲೆ ಗೆರೆ ಎಳೆದಿತ್ತು. ಬಾಗಿಲ ಬಳಿ ಮೇಷ್ಟ್ರು ಮುಂಗೈಗೆ ಅರಿಸಿನ ಮೆತ್ತಿಕೊಂಡು ನಿಂತಿದ್ದರು. ಅರಿಸಿನ ಸಾಲದು, ಬೆಕ್ಕು ಪರಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ರೇಬೀಸ್ ಬೆಕ್ಕಿನಿಂದಲೂ ಬರಬಹುದು, ಬೆಳಗಾಗುತ್ತಲೇ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂದೆ. ಗಣಿತದ ಮೇಷ್ಟ್ರು ಅಂದು ನನ್ನ ಮಾತಿಗೆ ಒಂದೂ ಪ್ರಶ್ನೆ ಹಾಕಲಿಲ್ಲ.

ಬೆಕ್ಕನ್ನು ನಾನು ಇಳಿಸಲಿಲ್ಲ. ಹಿತ್ತಲ ಬಾಗಿಲು ತೆರೆದು, ದೀಪ ಆರಿಸಿ, ಎಲ್ಲರೂ ಹೋಗಿ ಮಲಗಿ ಎಂದು ಹೇಳಿ ಬಂದೆ. ಬೆಳಗ್ಗೆ ಅದು ಓಣಿಯ ಗೋಡೆಯ ಮೇಲಿತ್ತು. ಆ ವರ್ಷ ಅವರ ಮನೆಯಲ್ಲಿ ಪಟ್ಟದ ಗೊಂಬೆಗಳು ಹೊಸ ರೇಷ್ಮೆ ಉಟ್ಟವು.

ಮನೆಗೆ ಒಯ್ಯುವುದಿಲ್ಲವೆಂದರೆ ಜನರ ಎರಡನೇ ಸಲಹೆ ಸಿದ್ಧವಾಗಿರುತ್ತದೆ: ಗೋಣಿಚೀಲದಲ್ಲಿ ಕಟ್ಟಿ ಎಲ್ಲಾದರೂ ದೂರ ಬಿಟ್ಟು ಬನ್ನಿ. ನಮ್ಮ ಅಜ್ಜಿಯರ ಕಾಲದ ಉಪಾಯ. ಬಿಟ್ಟ ಬೆಕ್ಕು ಗುರುತಿಲ್ಲದ ಜಾಗದಲ್ಲಿ ಉಪವಾಸ ಸಾಯುತ್ತದೆ, ಇಲ್ಲವೇ ದಾರಿ ಹಿಡಿದು ವಾಪಸು ಹೊರಟು ಯಾವುದೋ ಟೈರಿಗೆ ಸಿಗುತ್ತದೆ. ಇತ್ತ ಓಣಿ ಖಾಲಿಯಾಗಿಯೂ ಉಳಿಯುವುದಿಲ್ಲ. ಕಸ ಇದೆ, ಇಲಿ ಇದೆ, ಅಡಗಲು ಜಾಗವಿದೆ. ಪಕ್ಕದ ಓಣಿಯಿಂದ ಸಂತಾನಹರಣ ಆಪರೇಷನ್ ಆಗದ ಹೊಸ ಬೆಕ್ಕುಗಳು ಬಂದು ಸೇರುತ್ತವೆ. ಅಂದಹಾಗೆ, ಈ ಮಲ್ಲೇಶ್ವರ ಹುಟ್ಟಿದ್ದೇ ಇಲಿಯ ದೆಸೆಯಿಂದ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದ ಮೇಲೆ, ಗಾಳಿ ಬೆಳಕಿರಲಿ ಎಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಕಟ್ಟಿದರು. ಕಕ್ಕಸು ಶುಚಿಮಾಡುವವರು ಬಂದುಹೋಗಲೆಂದು ಮನೆಗಳ ಹಿಂದೆ ಓಣಿ ಬಿಟ್ಟರು. ನನ್ನ ಬೆಕ್ಕುಗಳು ಇರುವುದು ಅಂಥದೊಂದು ಓಣಿಯಲ್ಲಿ. ಹಾಗೆಂದು ಬೆಕ್ಕು ಇಲಿ ಹಿಡಿದು ಊರು ಕಾಯುತ್ತದೆ ಎಂಬ ವಕಾಲತ್ತನ್ನು ನಾನು ಮಾಡುವುದಿಲ್ಲ. ಸಣ್ಣ ಇಲಿ ಹಿಡಿಯುತ್ತವೆ, ಸರಿ. ಹೆಗ್ಗಣ ಎದುರಾದರೆ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.

ಊಟ ಹಾಕುವುದನ್ನೇ ನಿಲ್ಲಿಸುತ್ತೇವೆ ಎನ್ನುವ ಸಂಘದ ಪದಾಧಿಕಾರಿಗಳಿಗೆ ಒಂದೇ ಮಾತು: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಇಪ್ಪತ್ತನೆಯದನ್ನು ಓದಿ. ಬಡಾವಣೆಯ ಪ್ರಾಣಿಗಳಿಗೆ ಊಟದ ಏರ್ಪಾಡು ಮಾಡಬೇಕಾದ ಹೊಣೆಯನ್ನು ಅದು ನಿವಾಸಿಗಳ ಸಂಘದ ಹೆಗಲಿಗೇ ಹಾಕಿದೆ. ವಿಷ ಇಡುತ್ತೇನೆ ಎನ್ನುವವರು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಓದಿಕೊಳ್ಳಲಿ. ಐದು ವರ್ಷದವರೆಗೆ ಜೈಲು.

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ. ಇವನ್ನು ಹೇಗೆ ಹಿಡಿಯುತ್ತೀರಿ? ಅದನ್ನು ಕೇಳಿ, ಪಾಯಸ ಆರಿಹೋಗುವವರೆಗೂ ಹೇಳುತ್ತೇನೆ.

ಏಕೆಂದರೆ ಊಟ ಹಾಕುವುದೇ ಹಿಡಿಯುವುದಕ್ಕಾಗಿ. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಹಾಕಿದರೆ ಯಾವ ಬೆಕ್ಕು ಹೊಸದು, ಯಾವುದು ಗಬ್ಬವಾಗಿದೆ, ಯಾವುದು ಎರಡು ದಿನದಿಂದ ಕಾಣುತ್ತಿಲ್ಲ ಎಂಬುದು ತಿಳಿಯುತ್ತದೆ. ಮೂರು ಬಣ್ಣದ್ದು ಕಂಡರೆ ಹೆಣ್ಣೆಂದೇ ಲೆಕ್ಕ, ತಪ್ಪುವುದು ಬಲು ಅಪರೂಪ. ಅದನ್ನು ಮೊದಲು ಹಿಡಿಯಬೇಕು. ಬೆಕ್ಕು ಗಬ್ಬ ಹೊರುವುದು ಸುಮಾರು ಒಂಬತ್ತು ವಾರ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ದೀಪಾವಳಿಗೆ ಹುಟ್ಟಿದ ಹೆಣ್ಣು ಮರಿ ಯುಗಾದಿಯ ಹೊತ್ತಿಗೆ ತಾನೇ ಗಬ್ಬವಾಗಿರಬಹುದು. ‘ಮೊದಲ ಸೂಲು ಒಂದು ಆಗಿಬಿಡಲಿ, ಆಮೇಲೆ ಆಪರೇಷನ್ ಮಾಡಿಸಿ’ ಎನ್ನುವವರಿಗೆ ಆ ಸೂಲಿನ ಮರಿಗಳನ್ನು ಕಳಿಸಿಕೊಡಬೇಕೆನಿಸುತ್ತದೆ.

ಹಿಡಿಯುವ ಹಿಂದಿನ ಸಂಜೆ ಊಟ ಹಾಕುವುದಿಲ್ಲ. ಹಸಿದಿರದ ಬೆಕ್ಕು ಬೋನಿಗೆ ಬರುವುದಿಲ್ಲ. ಅರಿವಳಿಕೆಗೂ ಹೊಟ್ಟೆ ಖಾಲಿ ಇರುವುದು ಒಳ್ಳೆಯದು. ಬೋನನ್ನು ಪ್ರಾಣಿ ದಯಾ ಸಂಸ್ಥೆಯಿಂದ ಎರವಲು ತರುತ್ತೇನೆ. ಉದ್ದನೆಯ ತಂತಿಯ ಪೆಟ್ಟಿಗೆ, ಒಳಗೊಂದು ತುಳಿಹಲಗೆ, ಅದರ ಆಚೆ ತುದಿಗೆ ಮೀನು. ಹಲಗೆ ತುಳಿದರೆ ಹಿಂದಿನ ಬಾಗಿಲು ಬೀಳುತ್ತದೆ. ವಾಸನೆ ಜೋರಾಗಿರಬೇಕು, ಆದ್ದರಿಂದ ಬಂಗುಡೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಹಾಗಾಗಿ ಕರಾವಳಿ ಊಟದ ಹೋಟೆಲೊಂದರಲ್ಲಿ ನಿಂತು, ಮಸಾಲೆ ಹಚ್ಚದೆ, ಉಪ್ಪೂ ಹಾಕದೆ ಬಂಗುಡೆ ಬೇಯಿಸಿ ಕೊಡಿ ಎಂದು ಕೇಳುತ್ತೇನೆ. ಗಲ್ಲಾದಲ್ಲಿ ಕೂತವರು ಮೊದಲ ಸಲ ನನ್ನ ಮುಖವನ್ನೇ ನೋಡಿ, ‘ಡಾಕ್ಟರು ಹೇಳಿದ್ದೇ?’ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಪಶುವೈದ್ಯರೂ ಡಾಕ್ಟರೇ.

ಬಾಗಿಲು ಬಿದ್ದ ತಕ್ಷಣ ಬೆಕ್ಕು ತಂತಿಗೆ ಮೂತಿ ಗುದ್ದಿಕೊಳ್ಳುತ್ತದೆ. ಆಗ ಇಡೀ ಬೋನಿನ ಮೇಲೆ ಬೆಡ್‌ಶೀಟ್ ಎಸೆಯಬೇಕು. ಕತ್ತಲಾದೊಡನೆ ಅದು ತೆಪ್ಪಗಾಗುತ್ತದೆ. ಆಟೋದವರು ಒಪ್ಪುವುದೂ ಆಗಲೇ. ಶೀಟಿನಡಿ ಏನಿದೆ ಎಂದು ಕೇಳಿದರೆ ನಾನು ಮೀಟರ್ ಹಾಕಿ ಎನ್ನುತ್ತೇನೆ, ಅವರು ಮಾತು ಬದಲಿಸುತ್ತಾರೆ. ಆಪರೇಷನ್ ಜೊತೆಗೇ ರೇಬೀಸ್ ಲಸಿಕೆ, ತಾನಾಗಿ ಕರಗುವ ಹೊಲಿಗೆ, ಕೊನೆಗೆ ಅರಿವಳಿಕೆ ಇಳಿಯುವ ಮೊದಲು ಎಡ ಕಿವಿಯ ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ. ಆಪರೇಷನ್ ಆದ ಬೆಕ್ಕೆಂದು ದೂರದಿಂದಲೇ ತಿಳಿಯಲು, ಅದನ್ನೇ ಮತ್ತೆ ಹಿಡಿದು ಹೊಟ್ಟೆ ಕೊಯ್ಯದಿರಲು ಇರುವ ಗುರುತು ಅದು. ಗಂಡಾದರೆ ಮರುದಿನ, ಹೆಣ್ಣಾದರೆ ಇನ್ನೊಂದೆರಡು ದಿನ ಇಟ್ಟುಕೊಂಡು, ಹಿಡಿದ ಜಾಗದಲ್ಲೇ ಬಿಡುತ್ತೇನೆ. ‘ಅಯ್ಯೋ, ಪಾಪದ ಪ್ರಾಣಿಯ ಕಿವಿ ಕತ್ತರಿಸಿದ್ದಾರೆ!’ ಎಂದು ಓಣಿಯಲ್ಲಿ ಮರುಗುವವರಿದ್ದಾರೆ. ಮೋರಿಯಲ್ಲಿ ಮರಿಗಳು ಸಾಯುತ್ತಿದ್ದಾಗ ಇವರೆಲ್ಲ ಎಲ್ಲಿದ್ದರೆಂದು ನಾನು ಕೇಳುವುದಿಲ್ಲ. ಬಾಯಿತನಕ ಬರುತ್ತದೆ, ನುಂಗುತ್ತೇನೆ.

ನಾಯಿಗಳಿಗಾದರೆ ಪಾಲಿಕೆಯ ಸಂತಾನಹರಣ ಕಾರ್ಯಕ್ರಮವಿದೆ, ಹಿಡಿಯುವ ವ್ಯಾನಿದೆ. 2025ರಲ್ಲಿ ಬೀದಿ ನಾಯಿಗಳಿಗೆ ಚಿಕನ್ ಅನ್ನ ಕೊಡುವ ಯೋಜನೆ ದೇಶವೆಲ್ಲ ಸುದ್ದಿಯಾಯಿತು. ಬೆಕ್ಕಿನ ಮಟ್ಟಿಗೆ ಸಂಸ್ಥೆಗಳೋ, ನನ್ನಂಥ ರೇಗಿದ ಹೆಂಗಸರೋ ಇದ್ದರೆ ಉಂಟು.

ಊಟದ ಬಗ್ಗೆಯೂ ಹೇಳಿಬಿಡುತ್ತೇನೆ. ಮರುಕದಿಂದ ಹಾಲು ಇಡುವವರೇ, ಬೆಳೆದ ಬಹುತೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ನೀರಿಡಿ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಅಂಶ ಮಾಂಸದಲ್ಲಿದೆ, ಅನ್ನದಲ್ಲಿಲ್ಲ; ಅದಿಲ್ಲದೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆಂದ ಸಾರು ಬೇಡ. ಜ್ವರವೆಂದು ನಿಮ್ಮ ಪ್ಯಾರಾಸಿಟಮಾಲ್ ಖಂಡಿತ ಕೊಡಬೇಡಿ, ಒಂದೇ ಮಾತ್ರೆ ಕೊಲ್ಲಬಲ್ಲದು. ನಾಯಿಯ ಮೈಗೆ ಹಾಕುವ ಉಣ್ಣೆಹುಳುವಿನ ಔಷಧಿಯೂ ಬೇಡ; ಹಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಈಗ ಓಣಿಯಲ್ಲಿ ಆಪರೇಷನ್ ಆಗದೆ ಉಳಿದಿರುವುದು ಒಂದೇ ಹೆಣ್ಣು, ಮೂಗಿನ ಪಕ್ಕ ಕಪ್ಪು ಮಚ್ಚೆಯದು. ಬೋನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಂದೆ ಕೂತು ಮೈ ನೆಕ್ಕಿಕೊಂಡು ಹೋಗುತ್ತದೆ. ಅದಕ್ಕೆ ಹಸಿವಿಲ್ಲ. ಹಸಿವೇಕೆ ಇಲ್ಲವೆಂಬುದು ಕಳೆದ ವಾರ ಗೊತ್ತಾಯಿತು: ಮೂಲೆಮನೆಯ ಕಾಂಪೌಂಡಿನ ಮೇಲೆ ಯಾರೋ ರಾತ್ರಿ ಬಾಳೆಲೆಯ ತುಂಡಿನಲ್ಲಿ ತುಪ್ಪದನ್ನ, ಹಾಲು ಇಡುತ್ತಾರೆ. ಯಾರೆಂದು ಕೇಳಿದರೆ ಎಲ್ಲರೂ ನಾವಲ್ಲ ಎನ್ನುತ್ತಾರೆ. ನೀವು ಇದನ್ನು ಓದುತ್ತಿದ್ದರೆ, ಹೆಸರು ಹೇಳಬೇಕಾಗಿಲ್ಲ. ಈ ಶನಿವಾರ ರಾತ್ರಿ ಒಂದು ಹೊತ್ತು ಇಡಬೇಡಿ. ಭಾನುವಾರ ಬೆಳಗ್ಗೆ ಆರಕ್ಕೆ ನಾನೂ ಮೇಷ್ಟ್ರೂ ಬೋನು ಹಿಡಿದು ಬರುತ್ತೇವೆ. ಬೆಕ್ಕು ಸಿಕ್ಕ ಮೇಲೆ ಮತ್ತೆ ಧಾರಾಳವಾಗಿ ಇಡಿ. ಹೆಗ್ಗಣಗಳಾದರೂ ತಿನ್ನುತ್ತವೆ.