ಜಡಿಮಳೆಯಲ್ಲಿ ಒಣಬಟ್ಟೆ

ಶಿರಸಿಯ ಮಳೆಗಾಲದಲ್ಲಿ ಕೂಸಿರುವ ಮನೆಯ ಸಿರಿವಂತಿಕೆಯನ್ನು ಒಣಗಿದ ಬಟ್ಟೆಗಳ ಲೆಕ್ಕದಲ್ಲಿ ಅಳೆಯಬೇಕು ಎಂಬುದು ಕಳೆದ ಆಷಾಢದಲ್ಲಿ, ಬಾಣಂತನಕ್ಕೆಂದು ತವರಿಗೆ ಬಂದಾಗ, ನನಗೆ ಅರ್ಥವಾಯಿತು. ಅಂಗಳದಲ್ಲಿ ಬಿಸಿಲು ಕಾಣದೆ ಹದಿನೈದು ದಿನಗಳಾಗಿದ್ದವು. ಮಗಳಿಗಾದರೋ ಹಗಲಿಗೇ ಹನ್ನೆರಡು ಬಟ್ಟೆ ಸಾಲುತ್ತಿರಲಿಲ್ಲ.

ಆಯಿ, ಅಂದರೆ ನನ್ನ ಅಮ್ಮ, ತನ್ನ ಹಳೆಯ ಹತ್ತಿ ಸೀರೆಗಳನ್ನು ಹರಿದು ಮೊದಲೇ ಚೌಕಗಳನ್ನು ಮಾಡಿಟ್ಟಿದ್ದಳು. ಪೇಟೆಯ ಹೊಸ ಬಟ್ಟೆಯಿರುವಾಗ ಈ ಚಿಂದಿ ಏಕೆಂದು ನಾನು ಮೂಗು ಮುರಿದಿದ್ದೆ. ಆದರೆ ವರ್ಷಗಟ್ಟಲೆ ಒಗೆಸಿಕೊಂಡ ಸೀರೆಯಲ್ಲಿ ಗಂಜಿ ಉಳಿದಿರುವುದಿಲ್ಲ. ಹಾಗಾಗಿ ಅದು ಒದ್ದೆಯನ್ನು ಬೇಗ ಹೀರುತ್ತದೆ, ತೆಳುವಾದ್ದರಿಂದ ಬೇಗ ಒಣಗುತ್ತದೆ, ಕೂಸಿನ ತೊಡೆಸಂದಿಯನ್ನು ಉಜ್ಜುವುದೂ ಇಲ್ಲ. ಡೈಪರನ್ನು ನಾನು ಬಿಟ್ಟವಳಲ್ಲ, ರಾತ್ರಿಗೆ ಅದೇ ಆಗಬೇಕು.

ಒಣಗಿಸುವ ಜಾಗವೆಂದರೆ ಬಚ್ಚಲು. ಹಂಡೆಯ ಕೆಳಗೆ ಅಡಿಕೆ ಸಿಪ್ಪೆ ಹಗಲೆಲ್ಲ ಮಿಣಿಮಿಣಿ ಉರಿಯುತ್ತಿರುತ್ತದೆ. ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆಗಳು ತೂಗುತ್ತಿರುತ್ತವೆ. ಹೊಗೆವಾಸನೆಯ ವಿಷಯದಲ್ಲಿ ಮಾತ್ರ ನನಗೂ ಆಯಿಗೂ ತಕರಾರು. ಎಳೆಯ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲವೆಂದು ಲೋಬಾನವನ್ನು ನಾನು ಖಡಾಖಂಡಿತವಾಗಿ ನಿಲ್ಲಿಸಿದೆ. ಬಚ್ಚಲಿನಿಂದ ಬಂದ ಬಟ್ಟೆಗಳನ್ನು ಒಳಗಿನ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹರವಿ, ವಾಸನೆ ಹೋದ ಮೇಲೆಯೇ ಮಡಚುತ್ತಿದ್ದೆ. ಆಯಿ ಗೊಣಗಿದಳು, ಆದರೆ ಮಡಚಲು ಕೈಜೋಡಿಸಿದಳು.

"ಹಸಿ ಬಟ್ಟೆ ಹಾಕಡ" ಎಂಬ ಅವಳ ಒಂದೇ ಮಾತಿಗೆ ನನ್ನಲ್ಲಿ ಎದುರುತ್ತರವಿರಲಿಲ್ಲ. ಹುಟ್ಟಿದ ಕೂಸಿಗೆ ನಮ್ಮಂತೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಬರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವೂ ಹೆಚ್ಚು, ಹೀಗಾಗಿ ಒದ್ದೆ ಬಟ್ಟೆ ಅದರ ಶಾಖವನ್ನು ಬೇಗ ಎಳೆದುಬಿಡುತ್ತದೆ. ಕರೆಂಟು ಹೋದ ರಾತ್ರಿಗಳಲ್ಲಿ ಮಗಳನ್ನು ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿಕೊಂಡು ಮೇಲೆ ಕಂಬಳಿ ಹೊದೆಯುತ್ತಿದ್ದೆ, ನನಗೆ ನಿದ್ದೆ ಬರುವಂತಾದರೆ ಅವಳನ್ನು ತೊಟ್ಟಿಲಿಗೆ ಬಿಡುತ್ತಿದ್ದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದ ವೈದ್ಯರು ಇನ್‌ಕ್ಯುಬೇಟರ್ ಸಾಲದೆ ಕಡಿಮೆ ತೂಕದ ಶಿಶುಗಳಿಗೆ ಇದನ್ನೇ ಮಾಡಿದರು. ಕಾಂಗರೂ ಆರೈಕೆ ಎಂಬ ಹೆಸರು ಅಲ್ಲಿಂದ ಬಂತು. ಇದನ್ನು ಹೇಳಿದಾಗ ಆಯಿಗೆ ಏನೂ ಅಚ್ಚರಿಯಾಗಲಿಲ್ಲ.

ಚೌತಿಯ ಹೊತ್ತಿಗೆ ಬಿಸಿಲು ಬಂತು. ಅಂಗಳದ ಹಗ್ಗಕ್ಕೆ ಹಾಕಿದ ಬಟ್ಟೆಗಳನ್ನು ಆಯಿ ಎಣಿಸಿದಳು, ನಲವತ್ತೊಂದು. ನಲವತ್ತೆರಡನೆಯದು ಬಚ್ಚಲಿನಲ್ಲೇ ಉಳಿದಿತ್ತು.