‘ಜಯನಗರ ತುಂಬಿಹೋಯಿತಲ್ಲವೇ?’ ಎಂದು ಕೇಳುವವರಿಗೆ

ನಮ್ಮ ಮನೆಗೆ ಬರುವ ನೆಂಟರಲ್ಲಿ ಹೆಚ್ಚಿನವರು ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. “ಕಾರು ನಿಲ್ಲಿಸಲು ಮೂರು ಸುತ್ತು ಹಾಕಬೇಕಾಯಿತು ಕಣಪ್ಪ. ನಿಮ್ಮ ಜಯನಗರ ತುಂಬಿಹೋಯಿತಲ್ಲವೇ? ಇನ್ನೂ ಎಷ್ಟು ಜನ ಹಿಡಿಸುತ್ತಾರೆ ಇಲ್ಲಿ?” ಮೈಸೂರಿನ ಸೋದರಮಾವ ಇದನ್ನು ಮರುಕದಿಂದ ಕೇಳುತ್ತಾರೆ. ಹೊರವರ್ತುಲ ರಸ್ತೆಯ ಆಚೆ ಫ್ಲ್ಯಾಟ್ ಕೊಂಡಿರುವ ಗೆಳೆಯರು ಸ್ವಲ್ಪ ಸಮಾಧಾನದಿಂದ ಕೇಳುತ್ತಾರೆ. ನಾನು ಹೇಳುವ ಉತ್ತರ ಇಬ್ಬರಿಗೂ ಹಿಡಿಸುವುದಿಲ್ಲ: ಜಯನಗರದಲ್ಲಿ ಮನೆಗಳು ಹೆಚ್ಚಾದಷ್ಟು ಜನ ಹೆಚ್ಚಾಗಿಲ್ಲ. ಕಾಫಿ ಮುಗಿಯುವಷ್ಟರಲ್ಲಿ ಇದನ್ನು ವಿವರಿಸಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಈ ಬಡಾವಣೆ ಯಾವ ಲೆಕ್ಕದ ಮೇಲೆ ಹುಟ್ಟಿತೆಂಬುದನ್ನು ನೋಡಬೇಕು. 1941ರ ಗಣತಿಯಲ್ಲಿ ಸುಮಾರು 4 ಲಕ್ಷ ಜನರಿದ್ದ ಬೆಂಗಳೂರಿನಲ್ಲಿ 1951ರ ವೇಳೆಗೆ ಸುಮಾರು 7.8 ಲಕ್ಷ ಜನರಿದ್ದರು. ಹತ್ತೇ ವರ್ಷಗಳಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿಯಾದ ಆ ದಶಕದ ನಡುವೆ, 1945ರಲ್ಲಿ, ನಗರಾಭಿವೃದ್ಧಿಗೆಂದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. 1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರು ಲಾಲ್‌ಬಾಗಿನ ದಕ್ಷಿಣಕ್ಕೆ ಹೊಸ ಬಡಾವಣೆಯನ್ನು ಉದ್ಘಾಟಿಸಿದರು. ಒಂದನೇ ಬ್ಲಾಕಿನ ಅಶೋಕ ಸ್ತಂಭ ಆ ದಿನದ ಗುರುತು. ಜಯಚಾಮರಾಜ ಒಡೆಯರ ಹೆಸರಿನ ‘ಜಯ’ವೇ ಬಡಾವಣೆಯ ಹೆಸರಾಯಿತು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳು ಇದರ ಅಣ್ಣಂದಿರು. ಅವುಗಳಿಗಿಂತ ಅಗಲವಾದ ರಸ್ತೆಗಳು, ಬ್ಲಾಕಿಗೊಂದು ಪಾರ್ಕು, ಮೇನ್‌ಗಳು ಮತ್ತು ಅಡ್ಡರಸ್ತೆಗಳ ಚೌಕಾಬಾರೆಯಂಥ ನಕ್ಷೆ ಇವು ಜಯನಗರದ ಲಕ್ಷಣಗಳಾದವು. ಬೈರಸಂದ್ರ, ಯಡಿಯೂರು, ಕನಕನಪಾಳ್ಯಗಳಂಥ ಊರುಗಳು ಆ ಚೌಕಗಳ ನಡುವೆ ತಮ್ಮ ಓಣಿಗಳ ಸಮೇತ ಉಳಿದುಕೊಂಡವು. ಈ ಊರುಗಳ ಮಾತಿಗೆ ಮುಂದೆ ಬರುತ್ತೇನೆ, ಏಕೆಂದರೆ ಜಯನಗರವೆಂದರೆ ಬರೇ ಅಗಲ ರಸ್ತೆ ಮತ್ತು ಮರಗಳೆಂದು ಭಾವಿಸುವವರು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜನಸಂಖ್ಯೆಯ ವಿಷಯದಲ್ಲಿ ಒಂದು ತೊಡಕಿದೆ. 2011ರ ನಂತರ ದೇಶದಲ್ಲಿ ಜನಗಣತಿಯೇ ನಡೆದಿಲ್ಲ, ಮುಂದಿನ ಗಣತಿಗೆ ನಿಗದಿಯಾಗಿರುವ ವರ್ಷ 2027. ಹಳೆಯ ಗಣತಿಗಳನ್ನು ಒಂದಕ್ಕೊಂದು ಹೋಲಿಸೋಣವೆಂದರೆ ವಾರ್ಡುಗಳ ಗಡಿಗಳು ನಿಂತಲ್ಲಿ ನಿಂತಿಲ್ಲ. 2001ರಲ್ಲಿ ಮಹಾನಗರ ಪಾಲಿಕೆಗೆ 100 ವಾರ್ಡುಗಳಿದ್ದವು, 2007ರಲ್ಲಿ ಬಿಬಿಎಂಪಿ ಬಂದ ಮೇಲೆ ಅವು 198 ಆದವು, 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದಾಗಿ ಒಡೆಯಿತು. ಆದ್ದರಿಂದ ‘ಜಯನಗರದ ಜನಸಂಖ್ಯೆ ಇಷ್ಟರಿಂದ ಇಷ್ಟಕ್ಕೆ ಏರಿತು’ ಎಂದು ಯಾರಾದರೂ ಠಾಕುಠೀಕಾಗಿ ಹೇಳಿದರೆ, ಯಾವ ಗಡಿಯ ಜಯನಗರವೆಂದು ಕೇಳಬೇಕು. ಇಷ್ಟನ್ನಂತೂ ಗಣತಿಯೇ ತೋರಿಸುತ್ತದೆ: 2011ರಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿದ್ದರೂ, ಅದರ ಹಿಂದಿನ ದಶಕದ ಏರಿಕೆಯ ದೊಡ್ಡ ಪಾಲು ಸೇರಿದ್ದು ಹೊರವಲಯದ ಹಳೆಯ ನಗರಸಭೆಗಳ ಮತ್ತು ಹಳ್ಳಿಗಳ ಪ್ರದೇಶಕ್ಕೆ. ಊರಿನ ನಡುಭಾಗದ ಹಳೆಯ ಬಡಾವಣೆಗಳ ಪಾಲು ಅದರಲ್ಲಿ ಚಿಕ್ಕದು.

ಹಾಗಾದರೆ ಕಣ್ಣಿಗೆ ಕಾಣುವ ಈ ದಟ್ಟಣೆ ಎಲ್ಲಿಂದ ಬಂತು? ಒಂದು ಅರವತ್ತು–ನಲವತ್ತರ ಸೈಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1975ರ ಸುಮಾರಿಗೆ ಅದರಲ್ಲಿ ಸಾವಿರದ ಇನ್ನೂರು ಚದರ ಅಡಿಯ ಒಂದು ನೆಲಮಹಡಿ ಮನೆಯಿತ್ತೆನ್ನಿ. ಅಜ್ಜ, ಅಜ್ಜಿ, ಮಗ, ಸೊಸೆ ಮತ್ತು ಮೂವರು ಮಕ್ಕಳು ಸೇರಿ ಏಳು ಜನ, ಒಂದು ಬಚ್ಚಲುಮನೆ, ಒಂದು ಸ್ಕೂಟರು. ಹಿತ್ತಲಲ್ಲಿ ಎರಡು ತೆಂಗು, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು. ಈಗ ಆ ಮನೆ ಬಿದ್ದು ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. 2015ರ ಪರಿಷ್ಕೃತ ನಗರ ಯೋಜನೆಯ ಪ್ರಕಾರ 12 ಮೀಟರ್‌ವರೆಗಿನ ರಸ್ತೆಯಲ್ಲಿರುವ ಇಂಥ ಚಿಕ್ಕ ಸೈಟಿಗೆ 1.75 ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಪ್ರಮಾಣ) ಸಿಗುತ್ತದೆ. ಅಂದರೆ 2400 ಚದರ ಅಡಿ ನೆಲದ ಮೇಲೆ 4200 ಚದರ ಅಡಿ ಕಟ್ಟಬಹುದು, ಮಹಡಿಗೊಂದರಂತೆ ನಾಲ್ಕು ಫ್ಲ್ಯಾಟ್. ಮೊದಲ ಮಹಡಿಯಲ್ಲಿ ಸೈಟಿನ ಮಾಲೀಕರಾದ ವಯಸ್ಸಾದ ದಂಪತಿ, ಎರಡನೆಯದರಲ್ಲಿ ಗಂಡ, ಹೆಂಡತಿ ಮತ್ತು ಒಂದು ಮಗು, ಮೂರನೆಯದರಲ್ಲಿ ಬಾಡಿಗೆಗಿರುವ ಇಬ್ಬರು ಉದ್ಯೋಗಿಗಳು. ನಾಲ್ಕನೆಯದು ವಿದೇಶದಲ್ಲಿರುವ ಮಗನ ಹೆಸರಿನಲ್ಲಿದೆ, ಅದಕ್ಕೆ ಬೀಗ. ಎಣಿಸಿ ನೋಡಿ, ಆಗಲೂ ಏಳು ಜನ, ಈಗಲೂ ಏಳು ಜನ. ಅಂದು ತಲೆಗೆ ನೂರ ಎಪ್ಪತ್ತು ಚದರ ಅಡಿ ಜಾಗವಿತ್ತು, ಇಂದು ಆರುನೂರು ಚದರ ಅಡಿ. ಬಚ್ಚಲುಮನೆಗಳು ಎಂಟೋ ಒಂಬತ್ತೋ ಆಗಿವೆ, ಕಾರುಗಳು ಐದು.

ಎಲ್ಲ ಸೈಟುಗಳ ಕತೆಯೂ ಇದೇ ಎಂದು ನಾನು ಹೇಳುತ್ತಿಲ್ಲ. ಅದೇ ಅಳತೆಯ ಸೈಟಿನಲ್ಲಿ ಪಿಜಿ ನಡೆಸುವವರು ಮೂವತ್ತು ಜನರನ್ನು ಇಡುತ್ತಾರೆ. ಬೈರಸಂದ್ರ, ಗುರಪ್ಪನಪಾಳ್ಯ, ತಿಲಕನಗರಗಳ ಓಣಿಗಳಲ್ಲಿ ಆರುನೂರು ಚದರ ಅಡಿಯ ಜಾಗದ ಮೇಲೆ ಮೂರು ಸಂಸಾರಗಳು ಬದುಕುತ್ತಿರುವುದನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಫ್ಲ್ಯಾಟುಗಳಲ್ಲಿ ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು, ಕಾರು ಓಡಿಸುವವರು ಇರುವುದು ಅಲ್ಲೇ. ಜಯನಗರದಲ್ಲಿ ನಿಜವಾಗಿ ಜನ ಒತ್ತೊತ್ತಾಗಿರುವುದು ಅಂಥ ಕಡೆಗಳಲ್ಲಿ. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವೆಂದು ದೂರುವ ನಮ್ಮ ನೆಂಟರು ಆ ಓಣಿಗಳಿಗೆ ಕಾಲಿಟ್ಟವರಲ್ಲ.

ಹಳೆಯ ಮನೆಗಳು ಬೀಳುವುದಕ್ಕೆ ಬಿಲ್ಡರುಗಳ ದುರಾಸೆಯೇ ಕಾರಣವೆನ್ನುವುದು ಅರ್ಧ ಸತ್ಯ. ತಂದೆ ತೀರಿಕೊಂಡ ಮೇಲೆ ಒಂದು ಸೈಟಿಗೆ ನಾಲ್ವರು ಹಕ್ಕುದಾರರಾಗುತ್ತಾರೆ. ಜಯನಗರದ ನೆಲದ ಬೆಲೆಗೆ ಒಬ್ಬರು ಉಳಿದ ಮೂವರ ಪಾಲನ್ನು ಕೊಂಡುಕೊಳ್ಳುವುದು ಸಂಬಳದವರ ಕೈಲಾಗದ ಮಾತು. ಆಗ ಜಂಟಿ ಅಭಿವೃದ್ಧಿಯ ಕರಾರು ಎಲ್ಲರಿಗೂ ಅನುಕೂಲವಾಗಿ ಕಾಣುತ್ತದೆ: ನೆಲ ನಮ್ಮದು, ಕಟ್ಟುವ ಖರ್ಚು ಬಿಲ್ಡರಿನದು, ಫ್ಲ್ಯಾಟುಗಳಲ್ಲಿ ಇಬ್ಬರಿಗೂ ಪಾಲು. ಮೆಟ್ಟಿಲು ಹತ್ತಲಾರದ ಅಮ್ಮನಿಗೆ ಲಿಫ್ಟ್ ಸಿಗುತ್ತದೆ, ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋಗುವುದು ತಪ್ಪುತ್ತದೆ. ನಮ್ಮ ದೊಡ್ಡಪ್ಪನ ಮನೆ ಹೋದದ್ದೂ ಹೀಗೆಯೇ, ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ತಪ್ಪಾಗುವುದು ನಕ್ಷೆಯಲ್ಲಿ ಇಲ್ಲದ್ದನ್ನು ಕಟ್ಟಿದಾಗ. ಮಂಜೂರಾದದ್ದಕ್ಕಿಂತ ಒಂದು ಮಹಡಿ ಮೇಲೆ, ಸೆಟ್‌ಬ್ಯಾಕ್ ಎಂದು ಕಟ್ಟಡದ ಸುತ್ತ ಖಾಲಿ ಬಿಡಬೇಕಾದಲ್ಲಿ ಗೋಡೆ, ಕಾರಿಗೆಂದು ತೋರಿಸಿದ ಕೆಳಗಿನ ಕಂಬಗಳ ನಡುವಿನ ಸ್ಟಿಲ್ಟಿನಲ್ಲಿ ಅಂಗಡಿ. ಇವನ್ನೆಲ್ಲ ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟು 2017ರಲ್ಲಿ ತಡೆ ಕೊಟ್ಟಿತು. ಆದರೂ ‘ಇಂದಲ್ಲ ನಾಳೆ ಸಕ್ರಮವಾಗುತ್ತದೆ’ ಎಂಬ ನಂಬಿಕೆ ಮಾತ್ರ ಹೋಗಿಲ್ಲ.

ಇನ್ನು ನೀರು. ಒಂದು ಕಾಲಕ್ಕೆ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯ ನೀರನ್ನು ನಂಬಿಕೊಂಡಿದ್ದ ಬೆಂಗಳೂರಿಗೆ 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರು ಮುಖ್ಯವಾಗಿ ಹೊರವಲಯದ 110 ಹಳ್ಳಿಗಳ ಪಾಲಿನದು, ಅದು ನ್ಯಾಯವೂ ಹೌದು. ನಮ್ಮಂಥ ಹಳೆಯ ಬಡಾವಣೆಗಳಲ್ಲಿ ಸಂಪು ತುಂಬಿಸಿಕೊಂಡು ದಿನ ಬಿಟ್ಟು ದಿನದ ನೀರಿಗೆ ಹೊಂದಿಕೊಳ್ಳುವ ಅಭ್ಯಾಸ ಮೊದಲಿನಿಂದಲೂ ಇದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ನನ್ನ ಉದಾಹರಣೆಯ ಏಳು ಜನರಿಗೆ ವರ್ಷಕ್ಕೆ ಸುಮಾರು 3.45 ಲಕ್ಷ ಲೀಟರ್ ಬೇಕು. ಅದೇ ಸೈಟಿನ ಮೇಲೆ ಬೀಳುವ ಮಳೆಯನ್ನೂ ಲೆಕ್ಕ ಹಾಕಿ. ಸೈಟು 223 ಚದರ ಮೀಟರ್, ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 97 ಸೆಂಟಿಮೀಟರಿನ ಆಸುಪಾಸು, ಒಟ್ಟು ಎರಡು ಲಕ್ಷ ಲೀಟರಿಗೂ ಹೆಚ್ಚು. ಹಿತ್ತಲಿದ್ದಾಗ ಇದರಲ್ಲಿ ದೊಡ್ಡ ಪಾಲು ತೆಂಗಿನ ಬುಡದಲ್ಲೇ ಇಂಗುತ್ತಿತ್ತು. ಈಗ ಕಾಂಪೌಂಡಿನ ಮೂಲೆಮೂಲೆಗೂ ಸಿಮೆಂಟು ಮತ್ತು ಟೈಲ್ಸ್ ಹಾಕಿರುವುದರಿಂದ ಆ ನೀರು ಅರ್ಧ ಗಂಟೆಯಲ್ಲಿ ರಸ್ತೆಗೆ ಬರುತ್ತದೆ. ಹಳೆಯ ಮನೆಗಳ ಕಾಲದ ಚರಂಡಿ ಅದನ್ನು ಹೊರಲಾರದೆ ಉಕ್ಕುತ್ತದೆ, ಎಲ್ಲರೂ ‘ಜನ ಜಾಸ್ತಿಯಾದರು’ ಎನ್ನುತ್ತಾರೆ!

ವಿಚಿತ್ರವೆಂದರೆ ಇದಕ್ಕೆ ಪರಿಹಾರ ತೋರಿಸಿಕೊಡುವ ಜಾಗವೂ ನಮ್ಮಲ್ಲೇ ಇದೆ. ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆನೀರು ಸಂಗ್ರಹದ ಮಾದರಿಗಳ ಉದ್ಯಾನವೊಂದನ್ನು ಮಾಡಿದೆ. 2009ರ ಕಾನೂನು 2400 ಚದರ ಅಡಿ ಮತ್ತು ಅದಕ್ಕೂ ದೊಡ್ಡ ಸೈಟುಗಳ ಹಳೆಯ ಮನೆಗಳಿಗೂ, 1200 ಚದರ ಅಡಿಯಿಂದ ಮೇಲಿನ ಹೊಸ ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಇಂಗುಗುಂಡಿಯ ಹೆಸರಿನಲ್ಲಿ ಒಂದು ಪೈಪನ್ನು ಮಣ್ಣಿಗೆ ತೂರಿಸಿ ಕೈ ತೊಳೆದುಕೊಂಡವರು ನಮ್ಮ ಸುತ್ತಮುತ್ತ ಕಡಿಮೆಯೇನಿಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ ಅದೇ ಮನೆಗಳವರು ಟ್ಯಾಂಕರಿಗೆ ಫೋನು ಹಚ್ಚುತ್ತಿದ್ದರು.

ರಸ್ತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅಡ್ಡರಸ್ತೆಯ ಎರಡೂ ಬದಿ ಕಾರುಗಳು ನಿಂತರೆ ನಡುವೆ ಉಳಿಯುವುದು ಒಂದು ಗಾಡಿಯ ದಾರಿ. ನಗರದ ವಾಹನಗಳ ಸಂಖ್ಯೆ ಕೋಟಿ ದಾಟಿರುವಾಗ ಇದು ಯಾರಿಗೂ ಆಶ್ಚರ್ಯ ತರುವ ಮಾತಲ್ಲ. ಇದರ ಜೊತೆಗೆ ನಾಲ್ಕನೇ ಬ್ಲಾಕಿನ ಸಂತೆಗೆ, ಆಸ್ಪತ್ರೆಗಳಿಗೆ, ಕಾಲೇಜುಗಳಿಗೆ, ಮನೆಗಳ ನೆಲಮಹಡಿಯಲ್ಲಿ ತೆರೆದ ಕ್ಲಿನಿಕ್ಕು ಮತ್ತು ಕಚೇರಿಗಳಿಗೆ ಹಗಲು ಬಂದು ಸಂಜೆ ಹೋಗುವವರಿದ್ದಾರೆ. ಗಣತಿಯಲ್ಲಿ ಅವರು ಜಯನಗರದವರಲ್ಲ, ಆದರೆ ಮಧ್ಯಾಹ್ನ ಹನ್ನೆರಡಕ್ಕೆ ರಸ್ತೆಯಲ್ಲಿ ಕಾಣುವವರು ಬಹುಮಟ್ಟಿಗೆ ಅವರೇ.

ಮೆಟ್ರೋ ಈ ಚಿತ್ರವನ್ನು ಬದಲಿಸುತ್ತಿದೆ. 2009ರಲ್ಲಿ ಲಕ್ಷ್ಮಣರಾವ್ ಉದ್ಯಾನದ ಮರಗಳು ಉರುಳಿದಾಗ ಇಲ್ಲಿನವರು ಪ್ರತಿಭಟಿಸಿದ್ದರು, ಅವರ ಸಂಕಟ ನಿಜವಾದದ್ದು. 2017ರ ಜೂನಿನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂದ ಮೇಲೆ ಸೌತ್ ಎಂಡ್ ವೃತ್ತ, ಜಯನಗರ ಮತ್ತು ಆರ್.ವಿ. ರಸ್ತೆ ನಿಲ್ದಾಣಗಳು ನಮ್ಮ ಪಾಲಿಗೆ ಸಿಕ್ಕವು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿನ ಹಳದಿ ಮಾರ್ಗ ತೆರೆಯಿತು. ಮೊದಲು ಮೂರೇ ರೈಲುಗಳು, 25 ನಿಮಿಷಕ್ಕೊಂದು. ಹಾಗಿದ್ದರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರಿಗೆ ಜಯನಗರದಲ್ಲಿ ಮನೆ ಮಾಡುವುದು ಈಗ ಅರ್ಥವಿರುವ ಮಾತಾಯಿತು. ಇನ್ನು ಮುಂದೆ ಇಲ್ಲಿ ಜನ ನಿಜಕ್ಕೂ ಹೆಚ್ಚಬಹುದು, ಹೆಚ್ಚಲಿ ಎಂಬುದೇ ನನ್ನ ಅಭಿಪ್ರಾಯ. ರೈಲು, ಶಾಲೆ, ಆಸ್ಪತ್ರೆ, ಪಾರ್ಕು ಎಲ್ಲವೂ ನಡೆದು ಹೋಗುವ ದೂರದಲ್ಲಿರುವ ಬಡಾವಣೆಯಲ್ಲಿ ಬೀಗ ಹಾಕಿದ ಫ್ಲ್ಯಾಟುಗಳನ್ನು ಇಟ್ಟುಕೊಂಡು, ಹೊಸ ಸಂಸಾರಗಳನ್ನು ನೀರಿಲ್ಲದ ಹೊರವಲಯಕ್ಕೆ ಅಟ್ಟುವುದು ಯಾವ ಜಾಣತನ? ನನ್ನ ತಕರಾರು ಇರುವುದು ಹಣದ ಬಗ್ಗೆ. ಶುಲ್ಕ ಕಟ್ಟಿಸಿಕೊಂಡು ಹೆಚ್ಚುವರಿ ಎಫ್‌ಎಆರ್ ಕೊಡುವುದಾದರೆ ಆ ಶುಲ್ಕ ಅದೇ ಬೀದಿಯ ಒಳಚರಂಡಿಗೆ, ಮಳೆಚರಂಡಿಗೆ, ಕಾಲುದಾರಿಗೆ ಹೋಗಬೇಕು. ರಸ್ತೆಯಲ್ಲಿ ರಾತ್ರಿ ನಿಲ್ಲುವ ಕಾರಿಗೆ ಅದರ ಮಾಲೀಕರು ವರ್ಷಕ್ಕಿಷ್ಟೆಂದು ಬಾಡಿಗೆ ಕೊಡಬೇಕು. ನಮ್ಮ ಮನೆಯ ಕಾರೂ ಸೇರಿ.

ಈ ಪ್ರಶ್ನೆ ಕೇಳುವವರಲ್ಲಿ ಕೆಲವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ, ಎರಡನೇ ಲೋಟ ಕಾಫಿಯ ಹೊತ್ತಿಗೆ ಅದು ಹೊರಬರುತ್ತದೆ: “ನಮ್ಮ ಹಳೇ ಮನೆಯನ್ನು ಬಿಲ್ಡರಿಗೆ ಕೊಡೋಣವೇ?” ಕೊಡಿ ಎಂದೋ ಬೇಡ ಎಂದೋ ನಾನು ಹೇಳುವುದಿಲ್ಲ. ಮಂಜೂರಾದ ನಕ್ಷೆಯ ಪ್ರತಿಯನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಿ, ಸ್ವಾಧೀನಪತ್ರ (ಕಟ್ಟಡ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಪತ್ರ) ತಂದುಕೊಡುವ ಹೊಣೆ ಬಿಲ್ಡರಿನದೆಂದು ಕರಾರಿನಲ್ಲೇ ಬರೆಸಿ, ಒಳಚರಂಡಿಯ ಹಳೇ ಕೊಳವೆ ಎಷ್ಟು ಅಗಲವಿದೆಯೆಂದು ಅಗೆಸಿ ನೋಡಿ, ಹಿಂದಿನ ಸೆಟ್‌ಬ್ಯಾಕಿನಲ್ಲಿ ಒಂದು ತೆಂಗಿನ ಮರಕ್ಕಾಗುವಷ್ಟು ಮಣ್ಣನ್ನು ಟೈಲ್ಸ್ ಹಾಕದೆ ಉಳಿಸಲು ಹೇಳಿ. ಕಳೆದ ಬಾರಿ ಇಷ್ಟನ್ನು ಕೇಳಿದ ಸೋದರಮಾವ, “ತೆಂಗಿನ ಕಾಯಿ ಕಾರಿನ ಮೇಲೆ ಬಿದ್ದರೆ?” ಎಂದರು.